ರೀಡಿನ ಸಂದಿನಲ್ಲಿ ಉಸಿರು

ನಲವತ್ತು ವರ್ಷಕ್ಕೂ ಮೇಲೆ ನಾನು ರೀಡು ತಿದ್ದುವ ಕೆಲಸ ಮಾಡಿದೆ. ಹಾರ್ಮೋನಿಯಂ ಒಳಗೆ, ಮೌತ್ ಆರ್ಗನ್ ಒಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳು ಸಾಲಾಗಿ ಕೂತಿರುತ್ತವೆ. ಗಾಳಿ ತಾಗಿದರೆ ಅದುರಿ ಸ್ವರ ಕೊಡುತ್ತವೆ. ಅವೇ ರೀಡುಗಳು. ತುಮಕೂರಿನ ಮಂಡಿಪೇಟೆಯ ಒಂದು ಓಣಿಯಲ್ಲಿ ನಮ್ಮ ಅಂಗಡಿ ಇತ್ತು. ಒಂದು ಮಗ್ಗುಲಲ್ಲಿ ಹುರಿಗಡಲೆ ಅಂಗಡಿ, ಇನ್ನೊಂದು ಮಗ್ಗುಲಲ್ಲಿ ಟೈಲರ್, ನಡುವೆ ಎಂಟಡಿ ಅಗಲದ ನಮ್ಮದು. ಈಗ ಬಾಗಿಲು ಹಾಕಿದ್ದೇನೆ.

ಈ ಕೆಲಸಕ್ಕೆ ಬರುವವರು ಕಡಿಮೆ. ಬರುವ ಒಬ್ಬಿಬ್ಬರಿಗಾದರೂ ಉಪಯೋಗವಾಗಲಿ ಎಂದು ಬರೆಯಲು ಕೂತಿದ್ದೇನೆ. ಇನ್ನೊಂದು ಕಾರಣವೂ ಇದೆ. ನಮ್ಮ ಯಜಮಾನರು ಚೆಲುವರಾಜು ಹೋಗಿ ಎಂಟು ತಿಂಗಳಾಯಿತು. ಅವರು ಮೌತ್ ಆರ್ಗನ್ನಿನಲ್ಲಿ ಜಾಝ್ ನುಡಿಸುತ್ತಿದ್ದರು. ಶ್ವಾಸಕೋಶ ಕೈಕೊಟ್ಟ ಮೇಲೆ, ಡಾಕ್ಟರು ಬೇಡವೆಂದಿದ್ದನ್ನು ಅವರು ಕೇಳಿದರು, ನಾನು ಅವರ ವಾದ್ಯದಲ್ಲಿ ಅದನ್ನು ಮಾಡಿಕೊಟ್ಟೆ. ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ಕೇಳಿಕೊಳ್ಳುತ್ತಿದ್ದೇನೆ. ಹೇಳಬೇಕಾದರೆ ಕೆಲಸದಿಂದಲೇ ಶುರು ಮಾಡಬೇಕು. ನನಗೆ ಗೊತ್ತಿರುವುದು ಅದೊಂದೇ.

ನನ್ನ ತಂದೆ ಗುಬ್ಬಿಯವರು. ನಾಟಕದವರ ಹಾರ್ಮೋನಿಯಂಗಳನ್ನು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗಿ ರಿಪೇರಿ ಮಾಡುತ್ತಿದ್ದರು. ನಾಟಕಗಳು ಕಡಿಮೆಯಾದ ಮೇಲೆ ತುಮಕೂರಿಗೆ ಬಂದು ಅಂಗಡಿ ಹಾಕಿದರು. ಗಂಡುಮಕ್ಕಳಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಒಂದು ದಿನ ಅಂಗಡಿಗೆ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿಕೊಂಡರು. ಕೈಗೆ ಒಂದು ರೀಡು, ಸಣ್ಣ ಅರ ಕೊಟ್ಟರು.

"ತುದೀಲಿ ಕೆರೆದ್ರೆ ಸ್ವರ ಏರ್ತದೆ. ಬುಡದಲ್ಲಿ ಕೆರೆದ್ರೆ ಇಳೀತದೆ. ಇಷ್ಟೇ ವಿದ್ಯೆ ಕಣವ್ವ. ಮಿಕ್ಕಿದ್ದೆಲ್ಲ ಯಾವಾಗ ಕೆರೀಬಾರ್ದು ಅನ್ನೋದು."

ಮೊದಲ ಆರು ತಿಂಗಳು ನಾನು ಕೆಡಿಸಿದ ರೀಡುಗಳನ್ನು ಅವರು ಒಂದು ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಾ ಹೋದರು. ಬೈಯಲಿಲ್ಲ. ಡಬ್ಬಿ ತುಂಬಿದ ದಿನ ಅದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಕೇಳು, ನಿನ್ನ ಕಛೇರಿ" ಅಂದರು. ನಾಚಿಕೆಯಾಗಿ ಅತ್ತೆ. ಅವರು ಟೈಲರನನ್ನು ಕರೆದು ಮೂರು ಟೀ ತರಿಸಿದರು.

ಕಣ್ಣಿನಲ್ಲಿ ನೋಡಿ ಕೆಲಸ ಮಾಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಈಗ ಮೊಬೈಲಿನಲ್ಲೇ ಶ್ರುತಿ ತೋರಿಸುವ ಆಪ್ ಇದೆ. ಮುಳ್ಳು ನಡುವೆ ನಿಂತರೆ ಹಸಿರು ಬಣ್ಣ ಬರುತ್ತದೆ. ನಾನೂ ಕೊನೆಯ ಹತ್ತು ವರ್ಷ ಬಳಸಿದೆ, ಬೇಡವೆನ್ನುವುದಿಲ್ಲ. ನಾಲ್ಕು ಗಂಟೆಯ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ. ಆದರೆ ಹಸಿರು ಬಂದ ಮೇಲೂ ಪಕ್ಕದ ಸ್ವರದ ಜೊತೆ ಸೇರಿಸಿ ಕೇಳಿ. ಒಂಟಿಯಾಗಿ ಸರಿ ಇರುವ ರೀಡು ಜೊತೆಯಲ್ಲಿ ಜಗಳ ಆಡುವುದುಂಟು.

ನಮ್ಮ ಕಡೆ ಒಂದು ತಮಾಷೆಯಿದೆ. ಆಯುಧಪೂಜೆ ಮುಗಿದ ಮಾರನೆಯ ವಾರ ನಮ್ಮ ಅಂಗಡಿಗೆ ಸುಗ್ಗಿ. ಜನ ಹಾರ್ಮೋನಿಯಂ ಮುಚ್ಚಳ ತೆಗೆದು, ಒಳಗೆ ರೀಡಿನ ಮೇಲೆಯೇ ವಿಭೂತಿ, ಅರಿಸಿನ, ಕುಂಕುಮ ಏರಿಸಿ ಕೈ ಮುಗಿದಿರುತ್ತಾರೆ. ಹಾಗಲವಾಡಿ ಕಡೆಯ ಒಬ್ಬ ಭಜನೆ ಮೇಷ್ಟ್ರು ಪ್ರತಿ ವರ್ಷವೂ ಬರುತ್ತಿದ್ದರು. ಒಂದು ಸಲ ನಾನು ಬಿಚ್ಚಿದಾಗ ಒಳಗಿಂದ ಒಂದು ಸೇವಂತಿಗೆ ಹೂವೇ ಬಂತು.

"ಮೇಷ್ಟ್ರೇ, ಪೂಜೆ ಮೇಲ್ಗಡೆಯಿಂದ ಮಾಡಿ ಅಂತ ಹೋದ್ಸಲಾನೇ ಹೇಳಿದ್ನಲ್ಲ."

"ಮ್ಯಾಲಿಂದ ಮಾಡಿದ್ರೆ ಪೆಟ್ಗೆಗೆ ಮಾಡ್ದಂಗಾಯ್ತದೆ ಕಣವ್ವ. ಸರಸ್ವತಿ ಇರೋದು ಒಳಗಲ್ವಾ?"

ನಾನು ಕುಂಚ ತೆಗೆದುಕೊಂಡು ಒಂದೊಂದೇ ರೀಡಿನ ಕೆಳಗಿಂದ ಕುಂಕುಮ ಬಿಡಿಸಿದೆ.

ಚೆಲುವರಾಜು ನಮ್ಮ ಅಂಗಡಿಗೆ ಬಂದಾಗ ನನಗೆ ಇಪ್ಪತ್ತೆರಡು. ಕುಣಿಗಲ್ಲಿನವರು. ಅವರ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಫಾರಂಗೆ ಬರುತ್ತಿದ್ದ ಒಬ್ಬ ವಯಸ್ಸಾದ ಕುದುರೆ ಡಾಕ್ಟರು ಊರು ಬಿಡುವಾಗ ತಮ್ಮ ಮೌತ್ ಆರ್ಗನ್ನನ್ನೂ ಒಂದಷ್ಟು ಜಾಝ್ ರೆಕಾರ್ಡುಗಳನ್ನೂ ಇವರಿಗೆ ಕೊಟ್ಟು ಹೋಗಿದ್ದರಂತೆ. ಅದನ್ನೇ ಕೇಳಿ ಕೇಳಿ ಕಲಿತು, ಆಗ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸಂಜೆ ಹೊತ್ತು ಬ್ಯಾಂಡಿನ ಜೊತೆ ನುಡಿಸುತ್ತಿದ್ದರು. ಪಕ್ಕದಲ್ಲಿ ಬಟನ್ ಇರುವ ದೊಡ್ಡ ಜಾತಿಯ ಮೌತ್ ಆರ್ಗನ್. ಬಟನ್ ಒತ್ತಿದರೆ ಪ್ರತಿ ಸ್ವರವೂ ಅರ್ಧ ಮನೆ, ಅಂದರೆ ಅರ್ಧ ಸ್ವರ, ಮೇಲೇರುತ್ತದೆ. ಎರಡು ರೀಡು ಕಂಠ ಕಟ್ಟಿದ್ದವು. ಬೆಂಗಳೂರಿನಲ್ಲಿ ಅದನ್ನು ಬಿಚ್ಚಲು ಯಾರೂ ಒಪ್ಪಿರಲಿಲ್ಲ.

ಅಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ ನಕ್ಕರು. "ಇದು ಜಾತ್ರೆ ಆಟದ ಸಾಮಾನಪ್ಪ. ಇದ್ನ ಹಿಡ್ಕೊಂಡು ಸಂಬಳ ತಗೊಂತೀಯಾ?"

"ತಗೊಂತೀನಿ ಮಾಸ್ಟ್ರೇ. ಆದ್ರೆ ಮನೇಲಿ ಯಾರೂ ನಂಬಲ್ಲ."

ಅಪ್ಪ ಅದನ್ನು ನನ್ನ ಕಡೆ ತಳ್ಳಿದರು. ಆಟದ ಸಾಮಾನು ತಾನೇ, ಮಗಳು ಮಾಡಲಿ ಎಂದು. ನಾನು ಎರಡು ರೀಡು ಸರಿಮಾಡಿದೆ. ಮಾಡುವಾಗ ಗಾಂಧಾರದ ರೀಡೊಂದು ಶ್ರುತಿಗಿಂತ ಒಂದು ಕೂದಲೆಳೆ ಕೆಳಗಿರುವುದು ಕಿವಿಗೆ ಬಿತ್ತು. ಪಾಪ, ಹುಡುಗನಿಗೆ ಗೊತ್ತಾಗಿಲ್ಲ ಅಂದುಕೊಂಡೆ. ಕೇಳದೇ, ಹೇಳದೇ, ತುದಿಯಲ್ಲಿ ಕೆರೆದು ಸರಿಯಾದ ಜಾಗಕ್ಕೆ ಏರಿಸಿ ಕಳಿಸಿದೆ. ಅದಕ್ಕೆ ಬೇರೆ ಮಜೂರಿಯನ್ನೂ ಹಾಕಲಿಲ್ಲ. ಅಷ್ಟು ಜಂಬ ನನಗೆ.

ಮೂರನೆಯ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ನಿಂತಿದ್ದರು.

"ಏನ್ರೀ ಅಮ್ಮಾವ್ರೇ, ನನ್ನ ಗಾಂಧಾರ ಎಲ್ಲಿ?"

"ಇದೆಯಲ್ರೀ. ಇಳಿದಿತ್ತು, ಸರಿ ಮಾಡಿದೀನಿ."

"ಇಳಿದಿರ್ಲಿಲ್ಲ. ನಾನು ಇಳ್ಸಿದ್ದೆ. ಎರಡು ವರ್ಷ ಹಿಡೀತು ಆ ಜಾಗ ಹುಡುಕೋಕೆ. ನೀವು ಒಂದು ಮಧ್ಯಾಹ್ನ ಒರೆಸ್ಬಿಟ್ರಿ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವರ ಮುಖ ನೋಡಿದರು. "ತಪ್ಪು ಸ್ವರ ಬೇಕು ಅಂತ ಕೇಳೋನ್ನ ಇವತ್ತೇ ನೋಡಿದ್ದು" ಅಂದರು.

"ತಪ್ಪಲ್ಲ ಮಾಸ್ಟ್ರೇ. ಎರಡು ಮನೆ ಮಧ್ಯದ ಗೋಡೆ ಅದು. ಅಲ್ಲಿ ನಿಂತ್ರೆ ಎರಡೂ ಮನೆ ಮಾತು ಕೇಳ್ತದೆ." ಹೀಗೆಂದವರೇ ಅಲ್ಲೇ ಮೆಟ್ಟಿಲ ಮೇಲೆ ಕೂತು ನುಡಿಸಿದರು. ನಾನು ಸರಿಮಾಡಿದ ರೀಡನ್ನು ಬಾಯೊಳಗಿನ ಉಸಿರಿನಿಂದಲೇ ಬಗ್ಗಿಸಿ, ಎಳೆದು, ಆ ಕೂದಲೆಳೆ ಕೆಳಗಿನ ಜಾಗಕ್ಕೆ ಇಳಿಸಿ ತೋರಿಸಿದರು. ಅದು ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಜಾರಿತು. "ನೋಡಿ, ಹಿಡಿಯೋಕಾಗ್ತಿಲ್ಲ. ನೀವು ಒಂಚೂರು ಇಳ್ಸಿಕೊಟ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ."

ಹಾರ್ಮೋನಿಯಂನಲ್ಲಿ ಸ್ವರ ಇದ್ದಲ್ಲೇ ಇರುತ್ತದೆ. ನೀವು ಬೆರಳಿಡಬಹುದು, ಬಿಡಬಹುದು, ಅಷ್ಟೆ. ಇಲ್ಲಿ ಒಬ್ಬ ಮನುಷ್ಯ ಹಿತ್ತಾಳೆಯನ್ನು ಉಸಿರಿನಿಂದ ಬಗ್ಗಿಸುತ್ತಿದ್ದ. ಇನ್ನೊಂದು ವಿಷಯ ನಾನು ಆವತ್ತೇ ಗಮನಿಸಿದ್ದು. ಊದಿದಾಗ ಮಾತ್ರವಲ್ಲ, ಉಸಿರು ಒಳಗೆ ಎಳೆದುಕೊಂಡಾಗಲೂ ಅದು ನುಡಿಯುತ್ತದೆ. ಕೊಳಲಿನವನು, ನಾಗಸ್ವರದವನು ಉಸಿರು ತುಂಬಿಕೊಳ್ಳಲು ನಿಲ್ಲಿಸಬೇಕು. ಇವರಿಗೆ ತುಂಬಿಕೊಳ್ಳುವುದೂ ಸಂಗೀತವೇ. ಬಿಕ್ಕಿ ಅಳುವಾಗ ನಾವು ಹೇಗೆ ಒಳಗೂ ಹೊರಗೂ ದನಿ ಮಾಡುತ್ತೇವೋ ಹಾಗೆ.

ಅಪ್ಪ ಕನ್ನಡಕ ತೆಗೆದು ಒರೆಸುತ್ತಾ ಇದ್ದರು. "ಮಂಗ್ಳಾ, ಅವನು ಕೇಳ್ದಂಗೆ ಮಾಡ್ಕೊಡವ್ವ" ಅಂದರು. ಆಮೇಲೆಂದೂ ಅದನ್ನು ಆಟದ ಸಾಮಾನು ಅನ್ನಲಿಲ್ಲ. ಒಂದೂವರೆ ವರ್ಷದ ನಂತರ ನಮ್ಮ ಮದುವೆಗೆ ಎರಡೂ ಕಡೆಯ ನೆಂಟರು ಮುಖ ತಿರುಗಿಸಿದಾಗ ಮುಂದೆ ನಿಂತು ಧಾರೆ ಎರೆದವರೂ ಅವರೇ.

ಹೊಸಬರೇ, ನನ್ನ ಈ ತಪ್ಪನ್ನು ನೆನಪಿಡಿ. ಬಂದ ವಾದ್ಯದಲ್ಲಿ ಏನಾದರೂ ಓರೆಯಾಗಿ ಕಂಡರೆ ಮೊದಲು ಕೇಳಿ. ಓರೆ ಇರುವುದೆಲ್ಲ ಕೆಟ್ಟಿದ್ದಲ್ಲ.

ಜಾಝ್ ಅಂದರೇನು ಎಂದು ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ನನಗೆ ಇಂಗ್ಲಿಷ್ ಹಾಡೂ ಗೊತ್ತಿಲ್ಲ, ಆ ರೆಕಾರ್ಡುಗಳ ಹೆಸರೂ ಬಾಯಿಗೆ ಬರುವುದಿಲ್ಲ. ಅವರು ನನ್ನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗಿ ಫಾರಂನ ಬೇಲಿಯ ಹತ್ತಿರ ನಿಲ್ಲಿಸಿದರು. ಒಳಗೆ ಒಬ್ಬರು ಉದ್ದನೆಯ ಹಗ್ಗದ ತುದಿ ಹಿಡಿದು ನಡುವೆ ನಿಂತಿದ್ದರು. ಇನ್ನೊಂದು ತುದಿಯಲ್ಲಿ ಕಂದು ಬಣ್ಣದ ಎಳೆಯ ಕುದುರೆ ಸುತ್ತು ಹೊಡೆಯುತ್ತಿತ್ತು.

"ಹಗ್ಗ ಎಷ್ಟುದ್ದ ಇದೆ?"

"ನಂಗೇನ್ ಗೊತ್ತುರೀ? ಇದ್ದಷ್ಟಿದೆ."

"ಅಷ್ಟೇ. ಇದ್ದಷ್ಟೇ ಇರ್ತದೆ, ಬದಲಾಗಲ್ಲ. ಹಾಡು ಅಂದ್ರೆ ಅದು. ಈಗ ಕುದ್ರೆ ನೋಡು. ಒಂದು ಸುತ್ತು ಓಡ್ದಂಗೆ ಇನ್ನೊಂದು ಸುತ್ತು ಓಡ್ತಾ ಇದೆಯಾ?"

ಓಡುತ್ತಿರಲಿಲ್ಲ. ಒಮ್ಮೆ ತಲೆ ಕೊಡವಿತು, ಒಮ್ಮೆ ಹೆಜ್ಜೆ ತಪ್ಪಿಸಿ ಮತ್ತೆ ಕೂಡಿಸಿಕೊಂಡಿತು, ಒಮ್ಮೆ ಸುಮ್ಮನೆ ಖುಷಿಗೆ ಹಾರಿತು. ಹಗ್ಗ ಮಾತ್ರ ಅಷ್ಟೇ ಬಿಗಿ. "ಇಷ್ಟೇ ಕಣೇ ಜಾಝ್" ಅಂದರು. ಆಮೇಲೆ ಅವರು ನುಡಿಸುವಾಗ ನನಗೆ ಹಾಡು ತಿಳಿಯದಿದ್ದರೂ ಹಗ್ಗ ಕೇಳುತ್ತಿತ್ತು. ಅವರು ಎಷ್ಟು ದೂರ ಹೋದರೂ ಹಗ್ಗ ಹರಿಯುತ್ತಿರಲಿಲ್ಲ. ಹರಿಯಿತೇನೋ ಎಂದು ನನಗೆ ಅನ್ನಿಸುವಾಗ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಿದ್ದರು.

ಗಿಟಾರ್ ನುಡಿಸುತ್ತಿದ್ದ ಫ್ರಾನ್ಸಿಸ್ ಅವರ ಜೀವದ ಗೆಳೆಯ. ಹೋಟೆಲಿನಲ್ಲಿ ಒಂದೇ ಒಂದು ಸಲ ನಾನು ಕೂತು ಕೇಳಿದ್ದು, ಅದೂ ಫ್ರಾನ್ಸಿಸ್ ಒತ್ತಾಯಕ್ಕೆ. ಕುರ್ಚಿಗಳಲ್ಲಿದ್ದವರು ಊಟ ಮಾಡುತ್ತಾ ಮಾತಾಡುತ್ತಿದ್ದರು, ಚಮಚಗಳ ಸದ್ದು ಬೇರೆ. ನನಗೆ ಸಿಟ್ಟು ಬಂದಿತ್ತು. ಆಗ ಇವರು ನಿಧಾನವಾದ ಒಂದು ಹಾಡು ತೆಗೆದುಕೊಂಡರು. ಮೊದಲ ಸುತ್ತು ಯಾರೂ ತಲೆ ಎತ್ತಲಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಸ್ವರವನ್ನು ಒಳಗೆ ಎಳೆದು, ಎಳೆದು, ಕೈಬೊಗಸೆಯಲ್ಲಿ ಮುಚ್ಚಿ, ತೆರೆದು, ಅಷ್ಟೇ ಮೆಲ್ಲಗೆ ಬಿಟ್ಟರು. ಪಕ್ಕದ ಮೇಜಿನ ಒಬ್ಬ ದಪ್ಪ ಮನುಷ್ಯ ತುತ್ತು ಬಾಯಿಗೆ ಇಡಲು ಹೊರಟವನು ಇಡಲಿಲ್ಲ. ಚಮಚ ಹಾಗೇ ಹಿಡಿದು ಕೂತ. ಹಾಡು ಮುಗಿಯುವವರೆಗೂ ಹಿಡಿದಿದ್ದ. ಅವನ ಹೆಂಡತಿ ಮೊಣಕೈಯಿಂದ ತಿವಿದಳು, ಅವನಿಗೆ ಗೊತ್ತೇ ಆಗಲಿಲ್ಲ. ಆ ಸ್ವರದ ರೀಡನ್ನು ನಾನು ತಿದ್ದಿದ್ದೆ. ಅದರ ಅಗಲ ಒಂದು ಅಕ್ಕಿ ಕಾಳಿನಷ್ಟೂ ಇಲ್ಲ.

ನನ್ನ ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹುಲಿಯೂರುದುರ್ಗದಲ್ಲಿ ಒಂದು ಮದುವೆ. ಹುಡುಗನ ಕಡೆಯವರು ಯಾರೋ ಬೆಂಗಳೂರಿನಲ್ಲಿ ಇವರನ್ನು ಕೇಳಿ ಮೆಚ್ಚಿ, ಬೆಳಿಗ್ಗೆ ಮುಹೂರ್ತದ ಮೊದಲು ಅರ್ಧ ಗಂಟೆ ನುಡಿಸಲು ಕರೆಸಿದ್ದರು. ಮಾಘಮಾಸದ ಚಳಿ. ಹಿಂದಿನ ದಿನ ಬಟನ್ ಸ್ವಲ್ಪ ಬಿಗಿ ಅನ್ನಿಸಿ ನಾನು ಮನೆಯಲ್ಲಿದ್ದ ಒಳ್ಳೆ ಕೊಬ್ಬರಿ ಎಣ್ಣೆಯನ್ನು ಒಂದು ಹನಿ ಬಿಟ್ಟಿದ್ದೆ. ನಮ್ಮ ಸೀಮೆಯಲ್ಲಿ ಬಾಗಿಲ ತಿರುಗಣಿಗೂ ಅದೇ, ಹೊಲಿಗೆ ಮೆಷಿನ್ನಿಗೂ ಅದೇ, ತಲೆಗೂ ಅದೇ. ಅಂಗಡಿಯಲ್ಲಿ ನುಣ್ಣಗೆ ಓಡಿತು. ಬೆಳಗಿನ ಜಾವದ ಬಸ್ಸಿನಲ್ಲಿ, ಆ ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದೆ. ವೇದಿಕೆಯ ಮೇಲೆ ಬಟನ್ ಒತ್ತಿದರೆ ಒಳಗೆ ಹೋದದ್ದು ಆಚೆ ಬರಲೇ ಇಲ್ಲ.

ಅವರು ಫ್ರಾನ್ಸಿಸ್‌ಗೆ ನುಡಿಸುತ್ತಿರಲು ಸನ್ನೆ ಮಾಡಿ, ಮೌತ್ ಆರ್ಗನ್ನನ್ನು ಕೋಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ಕೈ ಒತ್ತಿ ಕೂತರು. ಐದು ನಿಮಿಷ, ಹತ್ತು ನಿಮಿಷ. ಮುಂದಿನ ಸಾಲಿನ ಒಬ್ಬ ಮುದುಕಪ್ಪ ಕೂಗಿದ, "ಯಾಕ್ಲಾ ಮಗಾ, ಮೊಟ್ಟೆಗೆ ಕಾವು ಕೊಡ್ತಿದೀಯಾ?"

"ಹೂನಪ್ಪೋ, ಇನ್ನೇನು ಮರಿ ಆಗ್ತದೆ" ಅಂದರು ಇವರು.

"ಹುಂಜ ಆದ್ರೆ ನಂಗೆ ಕೊಡು, ಬುಡಬ್ಯಾಡ."

ಚಪ್ಪರವೆಲ್ಲ ನಕ್ಕಿತು. ಕೊನೆಗೆ ಎಣ್ಣೆ ಕರಗುವ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು. ಒಂದು ಹಾಡೂ ನುಡಿಸಲಿಲ್ಲ. ಮನೆಗೆ ಬಂದವರು ಬಾಗಿಲಲ್ಲೇ ನಿಂತು, "ಮಂಗಳಾ, ನಂಗೆ ಒಂದು ಅಭ್ಯಂಜನ ಬಾಕಿ ಇದೆ, ಅದನ್ನೂ ಮಾಡ್ಸಿಬಿಡು" ಅಂದರು. ನಗುತ್ತಾ ಹೇಳಿದರೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೌತ್ ಆರ್ಗನ್ನಿಗೆ ಯಾವ ಎಣ್ಣೆಯನ್ನೂ ಹಾಕಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಬಟನ್ನಿನ ಪಟ್ಟಿಯನ್ನು ತೊಳೆದು ಒರೆಸಿ, ಸಾಕು.

ಆಮೇಲೆ ಹೋಟೆಲುಗಳಲ್ಲಿ ಬ್ಯಾಂಡ್ ನಿಂತಿತು. ಒಬ್ಬ ಕೀಬೋರ್ಡ್ ಇಟ್ಟುಕೊಂಡು ಐದು ಜನರ ಸದ್ದು ಹೊರಡಿಸುವ ಕಾಲ ಬಂತು. ಇವರು ತುಮಕೂರಿನಲ್ಲೇ ಉಳಿದು ನಾಲ್ಕಾರು ಜನಕ್ಕೆ ಹೇಳಿಕೊಡುತ್ತಾ, ಕರೆದಲ್ಲಿಗೆ ಹೋಗುತ್ತಾ, ಮಿಕ್ಕ ಹೊತ್ತು ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದರು. ಹಾರ್ಮೋನಿಯಂ ಬಿಟ್ಟು ಹೋಗಲು ಬಂದವರು ಅರ್ಧ ಗಂಟೆ ನಿಂತೇ ಇರುತ್ತಿದ್ದರು. ಹುರಿಗಡಲೆ ಅಂಗಡಿಯವನು ಮಾತ್ರ, "ರಾಜಣ್ಣೋ, ನೀನು ಅಳೋ ಹಾಡು ಹೊಡುದ್ರೆ ನಂಗೆ ಯಾಪಾರ ಆಗಲ್ಲ ಕಣೋ, ಜನ ಕಡ್ಲೆ ಮರ್ತು ಹೋಯ್ತಾರೆ" ಎಂದು ದಿನಾ ಗೊಣಗುತ್ತಿದ್ದ. ಇವರು ಒಂದು ದಿನ ಜ್ವರ ಎಂದು ಬರದಿದ್ದರೆ ಅವನೇ ಮನೆಗೆ ಬಂದು ಬಾಗಿಲು ತಟ್ಟುತ್ತಿದ್ದ.

ಮೂರು ವರ್ಷದ ಹಿಂದೆ ಒಣ ಕೆಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆಗಳಾದವು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ಹೋದದ್ದು ವಾಪಸ್ ಬರುವುದಿಲ್ಲ ಅಂದರು. ವಾದ್ಯದ ವಿಷಯ ಕೇಳಿದೆ. ಡಾಕ್ಟರು ಒಳ್ಳೆಯವರು. "ಮೆಲ್ಲಗೆ ನುಡಿಸಲಿ ಅಮ್ಮ, ಅದು ಒಳ್ಳೇದೇ. ಜೋರಾಗಿ ಎಳೆಯೋದು, ಊದೋದು ಮಾತ್ರ ಬೇಡ. ಉಸಿರು ಕಟ್ಟಿದ್ರೆ ಕಷ್ಟ" ಅಂದರು.

ಇಲ್ಲಿ ನನ್ನ ಕೆಲಸ ಬಂತು. ರೀಡಿಗೂ ಅದರ ಕೆಳಗಿನ ತಟ್ಟೆಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆ ಸಂದು ಕಿರಿದಾದಷ್ಟೂ ಕಡಿಮೆ ಉಸಿರಿಗೆ ರೀಡು ನುಡಿಯುತ್ತದೆ. ನಾನು ಒಂದು ವಾರ ಕೂತು, ಎಲ್ಲಾ ರೀಡುಗಳ ಸಂದನ್ನೂ ಕಾಗದದ ದಪ್ಪಕ್ಕೆ ಇಳಿಸಿದೆ. ನನ್ನ ಕೈಯಿಂದ ಅಷ್ಟು ನಯವಾದ ಕೆಲಸ ಇನ್ನೊಂದು ಆಗಿಲ್ಲ. ನಿದ್ದೆಯ ಉಸಿರಿಗೂ ನುಡಿಯುತ್ತಿತ್ತು. ಮಗಳು ಪವಿತ್ರ ಬ್ಯಾಂಕಿನಿಂದ ಬಂದವಳು, ಅಪ್ಪ ಮಂಚದ ಮೇಲೆ ಒರಗಿ ನುಡಿಸುವುದನ್ನು ನೋಡಿ ನನ್ನ ಕೈ ಹಿಡಿದುಕೊಂಡಳು.

ಆದರೆ ಸಂದು ಕಿರಿದಾದರೆ ಇನ್ನೊಂದು ತೊಂದರೆ. ಜೋರಾಗಿ ಎಳೆದರೆ ರೀಡು ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಬಗ್ಗುವುದಿಲ್ಲ. ಸ್ವರಗಳೆಲ್ಲ ಇದ್ದವು, ಆ ಎರಡು ಮನೆ ನಡುವಿನ ಗೋಡೆ ಇರಲಿಲ್ಲ. ಎಂಟು ಹತ್ತು ತಿಂಗಳು ಅವರು ಏನೂ ಹೇಳದೆ ಅದನ್ನೇ ನುಡಿಸಿದರು. ಕೊನೆಕೊನೆಗೆ ಆಕ್ಸಿಜನ್ ನಳಿಗೆ ಮೂಗಿನಲ್ಲಿ ಇಟ್ಟುಕೊಂಡೇ ನುಡಿಸುತ್ತಿದ್ದರು. ಒಂದು ಮಧ್ಯಾಹ್ನ ವಾದ್ಯವನ್ನು ನನ್ನ ಮಡಿಲಿಗೆ ಇಟ್ಟರು.

"ಮಂಗಳಾ, ಸಂದು ಬಿಡಿಸ್ಕೊಡೇ. ಮೊದ್ಲು ಇದ್ದಷ್ಟು."

"ರೀ, ಡಾಕ್ಟರು ಏನ್ ಹೇಳಿದ್ರು?"

"ಇದ್ರಲ್ಲಿ ನಾನು ದಿನಾ ಅರ್ಧ ಗಂಟೆ ನುಡಿಸ್ಬೋದು, ಗೊತ್ತು. ಆದ್ರೆ ಅದು ನಾನಲ್ಲ ಕಣೇ. ಬರೀ ಗಾಳಿ. ಒಂದೇ ಒಂದ್ಸಲ, ಎರಡು ಸುತ್ತು, ನಾನು ನುಡಿಸ್ಬೇಕು."

"ಏನಾದ್ರೂ ಆದ್ರೆ?"

"ಆಗದೇ ಇರೋದು ಏನಿದೆ ಈಗ?"

ಪವಿತ್ರಳಿಗೆ ಹೇಳಿದೆ. ಹೇಳದೆ ಮಾಡಲು ಮನಸ್ಸಾಗಲಿಲ್ಲ. ಅವಳು ಅಡುಗೆಮನೆಯಲ್ಲಿ ತಟ್ಟೆ ಕುಕ್ಕಿದಳು. "ಅಮ್ಮಾ, ನೀನೇ ನಿಂತು ಮಾಡ್ಕೊಡ್ತೀಯಾ? ನಿನ್ನ ಕೈಯಾರೆ?"

"ನನ್ನ ಕೈ ಬಿಟ್ರೆ ಇನ್ಯಾರ ಕೈಲಿ ಆಗುತ್ತೆ ಅದು?"

"ನಾನದನ್ನ ಕೇಳ್ಲಿಲ್ಲ."

ಅವಳು ಏನು ಕೇಳಿದಳೆಂದು ನನಗೆ ಗೊತ್ತಿತ್ತು. ಎರಡು ದಿನ ಆ ವಾದ್ಯವನ್ನು ಮುಟ್ಟಲಿಲ್ಲ. ಅವರೂ ಇನ್ನೊಮ್ಮೆ ಕೇಳಲಿಲ್ಲ. ಅವರು ಕೇಳಿದ್ದರೆ ನಾನು ಜಗಳವಾಡಿ ಬೇಡ ಅನ್ನುತ್ತಿದ್ದೆನೇನೋ. ಮೂರನೆಯ ದಿನ ಅಂಗಡಿಗೆ ಹೋಗಿ ಬಿಚ್ಚಿದೆ. ಪ್ರತಿಯೊಂದು ರೀಡನ್ನೂ ಭೂತಗನ್ನಡಿಯಲ್ಲಿ ಬುಡದಿಂದ ತುದಿಯವರೆಗೆ ನೋಡಿದೆ. ಯಾವುದರಲ್ಲೂ ದೋಷ ಇರಲಿಲ್ಲ. ತೆಳ್ಳನೆ ತಗಡನ್ನು ಕೆಳಗೆ ತೂರಿಸಿ ಒಂದೊಂದನ್ನೇ ಎತ್ತಿ ಮೊದಲಿನ ಸಂದಿಗೆ ತಂದೆ.

ಭಾನುವಾರ ಮಧ್ಯಾಹ್ನ ಫ್ರಾನ್ಸಿಸ್ ಬೆಂಗಳೂರಿನಿಂದ ಗಿಟಾರ್ ತೆಗೆದುಕೊಂಡು ಬಂದರು. ಆಟೋದಲ್ಲಿ ಇವರನ್ನು ಅಂಗಡಿಗೆ ಕರೆದುಕೊಂಡು ಹೋದೆವು. ಅಲ್ಲೇ ಆಗಬೇಕೆಂದು ಅವರ ಹಟ. ಪವಿತ್ರ ಆಕ್ಸಿಜನ್ ಸಿಲಿಂಡರ್ ಹಿಡಿದುಕೊಂಡು, ಮುಖ ಗಂಟು ಹಾಕಿಕೊಂಡು, ಪಕ್ಕದಲ್ಲೇ ಕೂತಳು.

"ಏನೋ ಮುದುಕಾ, ಯಾವ್ದು?" ಅಂದರು ಫ್ರಾನ್ಸಿಸ್.

"ನಿಧಾನದ್ದು. ನೀನು ಓಡ್ಬೇಡ, ನನ್ ಜೊತೆ ನಡಿ."

ಮೊದಲ ಸುತ್ತು ಬಹಳ ಮೆಲ್ಲಗೆ. ಸ್ವರಗಳ ನಡುವೆ ಉಸಿರಿನ ಕೆರೆತ ಕೇಳುತ್ತಿತ್ತು. ಪವಿತ್ರ ಅವರ ಬೆನ್ನಿನ ಮೇಲೆ ಕೈ ಇಟ್ಟಿದ್ದಳು. ಎರಡನೆಯ ಸುತ್ತಿಗೆ ಅವರು ಕಣ್ಣು ಮುಚ್ಚಿ, ನಳಿಗೆಯನ್ನು ಮೂಗಿನಿಂದ ತೆಗೆದು ಕೊರಳಿಗೆ ಇಳಿಸಿದರು. ಒಂದು ಸ್ವರವನ್ನು ಒಳಗೆ ಎಳೆದರು. ಅದು ಬಗ್ಗಿತು. ಗೋಡೆಯ ಮೇಲೆ ನಿಂತಿತು, ನಿಂತೇ ಇತ್ತು. ಆಮೇಲೆ ಅಲ್ಲಿಂದಲೂ ಇಳಿಯಿತು. ನಾನು ಅವರಿಂದ ಅಷ್ಟು ಕೆಳಗೆ ಯಾವತ್ತೂ ಕೇಳಿರಲಿಲ್ಲ. ಇಳಿದ ಜಾಗದಿಂದ ಹಾಡು ಬೇರೆ ಕಡೆ ತಿರುಗಿತು. ಫ್ರಾನ್ಸಿಸ್ ಒಮ್ಮೆ ತಲೆ ಎತ್ತಿ ಇವರ ಮುಖ ನೋಡಿ, ಬೆರಳು ಬದಲಿಸಿ, ಹಿಂದೆ ಹೋದರು. ಎಲ್ಲವೂ ಸ್ವಲ್ಪ ಕತ್ತಲಾದ ಹಾಗೆ, ಸಂಜೆ ಮನೆಯೊಳಗೆ ಬಂದ ಹಾಗೆ ಇತ್ತು. ಮುಗಿಸುವಾಗ ಅದೇ ಕೆಳಗಿನ ಸ್ವರಕ್ಕೆ ಮೂರು ಸಲ ಬಂದು, ಮೂರನೆಯ ಸಲ ಅಲ್ಲೇ ನಿಲ್ಲಿಸಿದರು. ಪವಿತ್ರ ನಳಿಗೆಯನ್ನು ಮೂಗಿಗೆ ಸಿಕ್ಕಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಬಹಳ ಹೊತ್ತು ಏದುಸಿರು ಬಿಟ್ಟು, ಮಾತು ಬಂದ ಮೇಲೆ ಅವರು ನನ್ನ ಕಡೆ ತಿರುಗಿ "ಚೆನ್ನಾಗ್ ಮಾಡಿದೀಯಾ ಕಣೇ" ಅಂದರು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹೋದರು. ಆ ಭಾನುವಾರದಿಂದ ಹೋದರೋ, ಹೋಗುವವರಿದ್ದರೋ ನನಗೆ ತಿಳಿಯದು. ಡಾಕ್ಟರು ಎರಡಕ್ಕೂ ಸಂಬಂಧ ಹೇಳಲಾಗದು ಅಂದರು. ಪವಿತ್ರ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

ತಿಂಗಳ ಕಾರ್ಯ ಮುಗಿದ ಮೇಲೆ ಅವರ ವಾದ್ಯವನ್ನು ಅಂಗಡಿಗೆ ತಂದೆ. ನುಡಿಸಿದ ಮೌತ್ ಆರ್ಗನ್ನನ್ನು ಹಾಗೇ ಇಟ್ಟರೆ ಒಳಗಿನ ತೇವಕ್ಕೆ ಹಿತ್ತಾಳೆ ಹಸಿರುಗಟ್ಟುತ್ತದೆ. ಯಾರದ್ದೇ ಆದರೂ ತೊಳೆದು ಇಡಬೇಕು. ಬಿಚ್ಚಿ, ಒರೆಸುತ್ತಾ ಬಂದೆ. ಆ ಗಾಂಧಾರದ ರೀಡಿನ ಬುಡದಲ್ಲಿ ಬೆಳಕು ಬೇರೆ ರೀತಿ ಹೊಳೆಯಿತು. ಭೂತಗನ್ನಡಿ ಹಿಡಿದೆ. ಅಡ್ಡಲಾಗಿ, ಕೂದಲಿನಷ್ಟು ತೆಳ್ಳಗೆ ಒಂದು ಬಿರುಕು.

ರೀಡು ಬಿರುಕು ಬಿಟ್ಟರೆ ಸ್ವರ ಇಳಿಯುತ್ತಾ ಹೋಗುತ್ತದೆ. ಆಮೇಲೆ ಅದನ್ನು ಮೇಲೆ ತರಲು ಯಾರಿಂದಲೂ ಆಗುವುದಿಲ್ಲ. ಆ ಭಾನುವಾರದ ಮೇಲೆ ಅವರು ವಾದ್ಯ ಬಾಯಿಗೆ ಇಟ್ಟಿರಲಿಲ್ಲ. ಅಂದರೆ ಅವತ್ತು ಎರಡನೆಯ ಸುತ್ತಿನಲ್ಲಿ ಸ್ವರ ಇಳಿದದ್ದು ಅವರು ಇಳಿಸಿದ್ದಲ್ಲ. ಬಾಯಲ್ಲಿ ರೀಡು ಒಡೆದಿತ್ತು. ಅದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಗಿರಬೇಕು. ನಿಲ್ಲಿಸಲಿಲ್ಲ. ಒಡೆದ ಸ್ವರ ಎಲ್ಲಿಗೆ ಇಳಿಯಿತೋ ಅಲ್ಲಿಗೆ ಇಡೀ ಹಾಡನ್ನೇ ಕರೆದುಕೊಂಡು ಹೋಗಿ, ಅದೇ ಸರಿಯಾದ ಜಾಗವೆಂದು ನಾವೆಲ್ಲ ನಂಬುವಂತೆ ಮೂರು ಸಲ ಅಲ್ಲಿಗೆ ಬಂದು ಮುಗಿಸಿದ್ದರು. ಎದುರಿಗೆ ಕೂತಿದ್ದವಳು ನಲವತ್ತು ವರ್ಷ ಶ್ರುತಿ ಹಿಡಿದವಳು. ನನಗೆ ತಿಳಿಯಲಿಲ್ಲ.

ಪವಿತ್ರಳಿಗೆ ಫೋನ್ ಮಾಡಿದೆ. ಬ್ಯಾಂಕಿನಿಂದ ನೇರವಾಗಿ ಬಂದಳು. ಭೂತಗನ್ನಡಿ ಅವಳ ಕೈಗೆ ಕೊಟ್ಟು ತೋರಿಸಿದೆ, ವಿವರಿಸಿದೆ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು.

"ಇದನ್ನ ಒಡೀಬೇಕಾದ್ರೆ ಎಷ್ಟು ಉಸಿರು ಬೇಕಮ್ಮ?"

"ಆರೋಗ್ಯವಾಗಿರೋನು ಜೋರಾಗಿ ಎಳೆದ್ರೂ ಎಷ್ಟೋ ವರ್ಷ ಒಡೆಯಲ್ಲ."

"ಅಪ್ಪನಿಗೆ ಗ್ಲಾಸಿನ ಬಿಸಿನೀರು ಊದಿ ತಣ್ಣಗೆ ಮಾಡ್ಕೊಳ್ಳೋಕೂ ಆಗ್ತಿರ್ಲಿಲ್ಲ."

"ಹೂಂ."

ಅವಳು ಭೂತಗನ್ನಡಿ ಕೆಳಗಿಟ್ಟು, ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಮಿಕ್ಕ ರೀಡುಗಳನ್ನು ಇಬ್ಬರೂ ಸೇರಿ ಒರೆಸಿದೆವು.